ಖರೆ ಹೇಳಿದವರು ಸೋಲದಂತೆ ಕೇಳಿ

ವ್ಯಕ್ತಿತ್ವ ಪ್ರಶ್ನಾವಳಿಗಳನ್ನು ರಚಿಸುವ, ಕೊಂಡು ಬಳಸುವ, ಅವುಗಳ ಅಂಕ ನೋಡಿ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಆರಿಸುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಶಿರಹಟ್ಟಿಯಲ್ಲಿ ಪದವಿ ಓದುವ ಮಕ್ಕಳಿಗೆ ಪಾಠ ಹೇಳುವ ಮಾಸ್ತರ. ಕೊನೆಯ ವರ್ಷದವರನ್ನು ಗದಗ, ಹುಬ್ಬಳ್ಳಿ ಕಡೆಯ ಉದ್ಯೋಗ ಮೇಳಗಳಿಗೆ ತಯಾರು ಮಾಡುವ ಹೊಣೆಯೂ ನನ್ನ ಮೇಲಿದೆ. ಲೆಕ್ಕ, ಇಂಗ್ಲಿಷು, ಸಾಮಾನ್ಯ ಜ್ಞಾನ ಇವುಗಳ ಜೊತೆಗೆ ಕೆಲವು ವರ್ಷಗಳಿಂದ ಇನ್ನೊಂದು ಪತ್ರಿಕೆ ಸೇರಿಕೊಂಡಿದೆ. ಅದರಲ್ಲಿ ಪ್ರಶ್ನೆಗಳಿಲ್ಲ, ಹೇಳಿಕೆಗಳಿವೆ. ನಾನು ಶಾಂತ ಸ್ವಭಾವದವನು, ಹಿಡಿದ ಕೆಲಸ ಬಿಡುವವನಲ್ಲ, ಎಲ್ಲರೊಡನೆ ಹೊಂದಿಕೊಳ್ಳುತ್ತೇನೆ. ಪ್ರತಿಯೊಂದರ ಮುಂದೆಯೂ ಪೂರ್ತಿ ಒಪ್ಪುತ್ತೇನೆ ಎಂಬುದರಿಂದ ಹಿಡಿದು ಸ್ವಲ್ಪವೂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ ಐದು ಗುಂಡಿಗಳು. ತಲೆಬರಹದ ಕೆಳಗೆ ನೀವು ಬರೆದಿರುತ್ತೀರಿ: ಇಲ್ಲಿ ಸರಿ ತಪ್ಪು ಎಂಬುದಿಲ್ಲ, ಪ್ರಾಮಾಣಿಕವಾಗಿ ಉತ್ತರಿಸಿ.

ಆ ಸೂಚನೆಯ ಬಗ್ಗೆಯೇ ಈ ಪತ್ರ. ಸರಿ ತಪ್ಪು ಇಲ್ಲ ಎಂದು ನೀವು ಹೇಳುತ್ತೀರಿ. ಆದರೆ ಕೆಲವು ಗುಂಡಿ ಒತ್ತಿದವರಿಗೆ ನೌಕರಿ ಸಿಗುತ್ತದೆ, ಕೆಲವು ಗುಂಡಿ ಒತ್ತಿದವರು ಬಸ್ಸು ಹತ್ತಿ ಊರಿಗೆ ವಾಪಸು ಬರುತ್ತಾರೆ. ಹಾಗಿರುವಾಗ ಸರಿ ಉತ್ತರ ಒಂದಿದೆ ಎಂದು ಮಕ್ಕಳಿಗೆ ತಿಳಿಯದೆ ಇರುತ್ತದೆಯೇ? ನೀವು ಪಡೆಯುತ್ತಿರುವ ಬಹಳಷ್ಟು ಉತ್ತರಗಳು ಬರೆದವರ ಸ್ವಭಾವದವಲ್ಲ, ನಿಮಗೆ ಏನು ಇಷ್ಟ ಎಂಬ ಅವರ ಅಂದಾಜು. ಇದಕ್ಕೆ ಮಕ್ಕಳ ಅಪ್ರಾಮಾಣಿಕತೆ ಕಾರಣ ಎಂದು ತೀರ್ಮಾನಿಸಬೇಡಿ. ಕೇಳುವ ರೀತಿಯಲ್ಲೇ ದೋಷವಿದೆ, ಅದನ್ನು ತಿದ್ದುವ ದಾರಿಗಳೂ ಇವೆ. ಅವುಗಳಲ್ಲಿ ಒಂದು ಒಳ್ಳೆಯ ದಾರಿ ನಮ್ಮ ಕರ್ನಾಟಕದಲ್ಲಿಯೇ ನಡೆದು ತೋರಿಸಿದ್ದು.

ತರಗತಿಯಲ್ಲಿ ಇಂಥದೊಂದು ಮಾದರಿ ಪತ್ರಿಕೆ ಹಂಚಿದ ದಿನ ನಡೆದದ್ದನ್ನು ಹೇಳುತ್ತೇನೆ. "ನನಗೆ ಸಿಟ್ಟು ಬರುವುದಿಲ್ಲ" ಎಂಬ ಹೇಳಿಕೆಯ ಹತ್ತಿರ ಒಬ್ಬ ಹುಡುಗಿಯ ಪೆನ್ನು ನಿಂತಿತು. ಕೈ ಎತ್ತಿ ಕೇಳಿದಳು: "ಸರ್, ಇದಕ್ಕ ಸರಿ ಉತ್ತರ ಯಾವುದ್ರಿ?" ಸರಿ ಉತ್ತರ ಅಂತ ಇಲ್ಲವ್ವ, ನಿನಗೆ ಅನಿಸಿದ್ದು ಬರಿ ಎಂದೆ. ಅವಳು ಬಿಡಲಿಲ್ಲ. "ಸಿಟ್ಟ ಬರ್ತದ್ರಿ ಸರ್. ಖರೆ ಬರೀಲೇನ್ರಿ? ಖರೆ ಬರದ್ರ ಕೆಲಸ ಯಾರ್ ಕೊಡ್ತಾರ್ರಿ?" ಹಿಂದಿನ ಬೆಂಚಿನ ಹುಡುಗ ಅಷ್ಟರಲ್ಲಿ ಪೂರ್ತಿ ಮುಗಿಸಿ ಕೂತಿದ್ದ. ತರಬೇತಿಗೆ ಹೋಗಿಬಂದವನು ಅವನು. ಒಳ್ಳೆಯ ಮಾತು ಕಂಡಲ್ಲಿ ಪೂರ್ತಿ ಒಪ್ಪುತ್ತೇನೆ, ಕೆಟ್ಟ ಮಾತು ಕಂಡಲ್ಲಿ ಸ್ವಲ್ಪವೂ ಇಲ್ಲ, ನಡುವಿನ ಗುಂಡಿ ಮುಟ್ಟಬಾರದು ಎಂದು ಅಲ್ಲಿ ಕಲಿಸಿ ಕಳಿಸಿದ್ದರು. ಅವನ ಹಾಳೆಯ ಪ್ರಕಾರ ಅವನಿಗಿಂತ ಸಮಾಧಾನಿ, ಶಿಸ್ತಿನವ, ಸ್ನೇಹಜೀವಿ ಇಡೀ ತಾಲ್ಲೂಕಿನಲ್ಲಿ ಇಲ್ಲ.

ಈಗ ನೀವೇ ಹೇಳಿ, ಆ ಇಬ್ಬರಲ್ಲಿ ಕೆಲಸಕ್ಕೆ ಯಾರು ಬೇಕು? ಬರೆಯುವ ಮೊದಲು ತಡೆದು, ಖರೆ ಬರೆಯಬೇಕೋ ಬೇಡವೋ ಎಂದು ತನ್ನೊಳಗೇ ಜಗಳಾಡಿದ ಹುಡುಗಿಯೋ, ಜಗಳವೇ ಇಲ್ಲದೆ ಮುಗಿಸಿದ ಹುಡುಗನೋ? ನಿಮ್ಮ ಅಂಕಪಟ್ಟಿ ಹುಡುಗನನ್ನು ಮೇಲಿಡುತ್ತದೆ. ಪ್ರಾಮಾಣಿಕರನ್ನು ಹುಡುಕಲೆಂದು ಮಾಡಿದ ಪತ್ರಿಕೆ ಪ್ರಾಮಾಣಿಕರನ್ನೇ ಕೆಳಗೆ ತಳ್ಳುತ್ತದೆ.

ಇದು ಹೊಸ ಸಮಸ್ಯೆಯಲ್ಲ, ನಿಮ್ಮ ಶಾಸ್ತ್ರಕ್ಕೆ ಗೊತ್ತಿಲ್ಲದ್ದೂ ಅಲ್ಲ. ಅಮೆರಿಕದ ಮನೋವಿಜ್ಞಾನಿ ಅಲೆನ್ ಎಡ್ವರ್ಡ್ಸ್ 1953ರಲ್ಲಿಯೇ ಇದನ್ನು ಅಳೆದು ತೋರಿಸಿದರು. ಸ್ವಭಾವ ಕುರಿತ ಹೇಳಿಕೆಗಳನ್ನು ಒಂದು ಗುಂಪಿಗೆ ಕೊಟ್ಟು, ಸಮಾಜದ ಕಣ್ಣಿನಲ್ಲಿ ಇವು ಎಷ್ಟು ಒಳ್ಳೆಯ ಗುಣಗಳು ಎಂದು ಕೇಳಿದರು. ಇನ್ನೊಂದು ಗುಂಪಿಗೆ ಅವೇ ಹೇಳಿಕೆಗಳನ್ನು ಕೊಟ್ಟು, ಇವು ನಿಮಗೆ ಅನ್ವಯಿಸುತ್ತವೆಯೇ ಎಂದು ಕೇಳಿದರು. ಎರಡರ ನಡುವಿನ ಸಹಸಂಬಂಧ 0.87 ಬಂತು. ಪೂರ್ತಿ ಹೊಂದಾಣಿಕೆ ಇದ್ದರೆ ಬರುವುದು 1. ಅಂದರೆ ಒಂದು ಗುಣವನ್ನು ಲೋಕ ಎಷ್ಟು ಮೆಚ್ಚುತ್ತದೆ ಎಂದು ಗೊತ್ತಾದರೆ ಸಾಕು, ಎಷ್ಟು ಜನ ಅದನ್ನು ತಮ್ಮದೆಂದು ಹೇಳಿಕೊಳ್ಳುತ್ತಾರೆ ಎಂಬುದನ್ನು ಬಹುಮಟ್ಟಿಗೆ ಮೊದಲೇ ಹೇಳಬಹುದು. ಆ ಗುಂಪಿಗೆ ನೌಕರಿಯ ಆಸೆಯನ್ನು ಯಾರೂ ತೋರಿಸಿರಲಿಲ್ಲ. ಹೊಟ್ಟೆಪಾಡಿನ ಪ್ರಶ್ನೆ ಬಂದಲ್ಲಿ ಇದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇಲ್ಲಿ ಎರಡು ಬಗೆಯ ಜನರನ್ನು ಬೇರೆ ಮಾಡಿ ನೋಡಬೇಕು. ಕೆನಡಾದ ಡೆಲ್ರಾಯ್ ಪಾಲಸ್ 1984ರಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಮುಂದಿಟ್ಟರು. ಒಬ್ಬ ತಾನು ಸಮಾಧಾನಿಯಲ್ಲ ಎಂದು ಗೊತ್ತಿದ್ದೂ ಸಮಾಧಾನಿ ಎಂದು ಬರೆಯುತ್ತಾನೆ. ಅದು ಎದುರಿನವರ ಮುಂದೆ ಚೆನ್ನಾಗಿ ಕಾಣಿಸಿಕೊಳ್ಳುವ ಪ್ರಯತ್ನ. ಇನ್ನೊಬ್ಬ ಮನೆಯಲ್ಲಿ ದಿನಾ ಎಗರಾಡಿದರೂ ತನ್ನಂಥ ಸಮಾಧಾನಿ ಇನ್ನೊಬ್ಬನಿಲ್ಲ ಎಂದು ಮನಸಾರೆ ನಂಬಿರುತ್ತಾನೆ. ಅವನು ನಿಮಗೆ ಸುಳ್ಳು ಹೇಳುತ್ತಿಲ್ಲ, ತನಗೇ ಹೇಳಿಕೊಂಡಿದ್ದಾನೆ. ಮೊದಲನೆಯವನನ್ನು ಪ್ರಶ್ನೆ ಕೇಳುವ ಸಂದರ್ಭ ಬದಲಿಸಿ ತಡೆಯಬಹುದು. ಎರಡನೆಯವನು ಕತ್ತಲ ಕೋಣೆಯಲ್ಲಿ ಒಬ್ಬನೇ ಕೂತು ಬರೆದರೂ ಅದನ್ನೇ ಬರೆಯುತ್ತಾನೆ. ಅವನ ವಿಷಯದಲ್ಲಿ ಅವನ ನಡತೆಯನ್ನು ಕಂಡವರನ್ನು ಕೇಳದೆ ಗತಿಯಿಲ್ಲ. ಎರಡಕ್ಕೂ ಒಂದೇ ಮದ್ದು ಹಾಕಿದರೆ ಯಾವುದೂ ವಾಸಿಯಾಗುವುದಿಲ್ಲ.

ಬುದ್ಧಿ ಪರೀಕ್ಷೆಯಲ್ಲಿ ಈ ತೊಡಕು ಇರಲಿಲ್ಲ. ನಮ್ಮ ಭಾಗಕ್ಕೆ ಆ ಪರೀಕ್ಷೆಗಳ ಪರಿಚಯ ಹಳೆಯದು. ಫ್ರಾನ್ಸಿನ ಬಿನೆ ರೂಪಿಸಿದ ಪರೀಕ್ಷೆಯನ್ನು ವಿ. ವಿ. ಕಾಮತರು ಮುಂಬಯಿ ಪ್ರಾಂತದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಅದರ ಬಗ್ಗೆ ಅವರ ಪುಸ್ತಕ 1940ರಲ್ಲಿ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಬಹುಕಾಲ ಬಳಕೆಯಲ್ಲಿ ಉಳಿಯಿತು. ಅಲ್ಲಿ ಮಗು ಅಂಕಿಗಳನ್ನು ಹಿಂದುಮುಂದಾಗಿ ಹೇಳಬೇಕೆಂದರೆ ಹೇಳಲೇಬೇಕು. ಬಾರದ್ದನ್ನು ಬರುತ್ತದೆ ಎಂದು ನಟಿಸುವಂತಿಲ್ಲ. ಸ್ವಭಾವದ ಪತ್ರಿಕೆಯಲ್ಲಿ ಹಾಗಲ್ಲ. ಇಲ್ಲದ ಸಹನೆಯನ್ನು ಇದೆ ಎಂದು ಬರೆಯಲು ಒಂದು ಗುಂಡಿ ಒತ್ತಿದರೆ ಆಯಿತು. ಎರಡನ್ನೂ ಪರೀಕ್ಷೆ ಎಂದೇ ಕರೆದು, ಎರಡರ ಅಂಕಗಳಿಗೂ ಒಂದೇ ತೂಕ ಕೊಡುವುದು ಮೊದಲ ತಪ್ಪು.

ನಿಮ್ಮಲ್ಲಿ ಕೆಲವರು ಇದಕ್ಕೆ ಸುಳ್ಳಿನ ಮಾಪಕ ಇಟ್ಟಿದ್ದೇವೆ ಎನ್ನುತ್ತೀರಿ. ಅದೂ ಹಳೆಯ ಉಪಾಯವೇ. 1943ರಲ್ಲಿ ಮಿನೆಸೋಟಾದಲ್ಲಿ ಪ್ರಕಟವಾದ ಪ್ರಸಿದ್ಧ ವ್ಯಕ್ತಿತ್ವ ಪರೀಕ್ಷೆಯಲ್ಲಿ ಇದಕ್ಕೆಂದೇ 15 ಹೇಳಿಕೆಗಳಿದ್ದವು. 1960ರಲ್ಲಿ ಕ್ರೌನ್ ಮತ್ತು ಮಾರ್ಲೋ 33 ಹೇಳಿಕೆಗಳ ಪ್ರತ್ಯೇಕ ಮಾಪಕವನ್ನೇ ಕೊಟ್ಟರು. ಅದರ ತರ್ಕ ಸರಳ. ಮನುಷ್ಯರಾದವರೆಲ್ಲ ಮಾಡುವ ಸಣ್ಣಪುಟ್ಟ ತಪ್ಪುಗಳನ್ನು ಮುಂದಿಡುವುದು, ನಾನು ಇದನ್ನು ಎಂದೂ ಮಾಡಿಲ್ಲ ಎಂದು ಯಾರು ಸಾಲಾಗಿ ಬರೆಯುತ್ತಾರೋ ಅವರ ಉಳಿದ ಉತ್ತರಗಳನ್ನೂ ಅನುಮಾನದಿಂದ ನೋಡುವುದು. ಓದುವಾಗ ಜಾಣತನದ ಉಪಾಯ ಎನಿಸುತ್ತದೆ.

ಆದರೆ ನಮ್ಮೂರಿನಲ್ಲಿ ಇದನ್ನು ಬಳಸಿ ನೋಡಿ. ಯಾರ ಬಗ್ಗೆಯೂ ಹಿಂದೆ ಆಡಿಕೊಂಡವಳಲ್ಲ ಎಂದು ಊರೇ ಹೇಳುವ ಅಜ್ಜಿಯರು ಇಲ್ಲಿದ್ದಾರೆ. ಹತ್ತು ರೂಪಾಯಿ ಚಿಲ್ಲರೆ ಹೆಚ್ಚು ಬಂದರೆ ಬಿಸಿಲಲ್ಲಿ ಅಂಗಡಿಗೆ ತಿರುಗಿ ನಡೆದುಹೋಗಿ ಕೊಟ್ಟುಬರುವ ಮುದುಕರಿದ್ದಾರೆ. ವ್ರತ, ನೇಮ, ಮಠದ ಸಂಪರ್ಕ ಇವುಗಳಲ್ಲೇ ಬೆಳೆದ ಹುಡುಗ ಮದ್ಯ ಮುಟ್ಟಿಲ್ಲ, ಹಿರಿಯರಿಗೆ ಎದುರು ಮಾತಾಡಿಲ್ಲ ಎಂದು ಬರೆದರೆ ಅದು ಖರೆಯೇ ಇರಬಹುದು. ನಿಮ್ಮ ಮಾಪಕ ಅವನನ್ನು ಸುಳ್ಳುಗಾರರ ಸಾಲಿನಲ್ಲಿ ನಿಲ್ಲಿಸುತ್ತದೆ. ತರಬೇತಿ ಪಡೆದ ಹುಡುಗನಾದರೋ ಅಂಥ ಹೇಳಿಕೆಗಳನ್ನು ಗುರುತು ಹಿಡಿದು ಒಂದೆರಡು ಸಣ್ಣ ತಪ್ಪು ಒಪ್ಪಿಕೊಂಡು ಪಾರಾಗುತ್ತಾನೆ. ಖರೆ ಹೇಳಿದವನು ಸಿಕ್ಕಿಬಿದ್ದು, ಕಲಿತು ಬಂದವನು ಪಾರಾಗುವ ಮಾಪಕವನ್ನು ನ್ಯಾಯದ ಮಾಪಕ ಎನ್ನಲಾಗದು. ಈ ಅಂಕದ ಲೆಕ್ಕ ಹಾಕಿ ಉಳಿದ ಅಂಕಗಳನ್ನು ತಿದ್ದಿದರೂ ಆಯ್ಕೆಯ ಗುಣಮಟ್ಟ ಅಷ್ಟೇನೂ ಸುಧಾರಿಸುವುದಿಲ್ಲ ಎಂದು ನಿಮ್ಮ ಕ್ಷೇತ್ರದ ಸಂಶೋಧಕರೇ ಬರೆದಿದ್ದಾರೆ.

ಇದರ ಇನ್ನೊಂದು ಮುಖ ಇನ್ನೂ ನೋವಿನದು. ಎಲ್ಲರೂ ತಮ್ಮನ್ನು ಹೆಚ್ಚಿಸಿಯೇ ಹೇಳಿಕೊಳ್ಳುತ್ತಾರೆ ಎಂದು ನೀವು ಭಾವಿಸುತ್ತೀರಿ. ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂದು ಕಲಿಸುವ ಮನೆಗಳೂ ಇವೆ. ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಜಾತ್ರೆಗೆ ಹಿಂದೂ ಮುಸ್ಲಿಂ ಎನ್ನದೆ ಜನ ಸೇರುತ್ತಾರೆ. ಅಲ್ಲಿ ದಾಸೋಹದ ಸಾಲು ಸಂಭಾಳಿಸಿ, ನೀರು ಹೊತ್ತು, ಗಲಾಟೆ ಬಿಡಿಸಿ, ರಾತ್ರಿಯಿಡೀ ನಿಲ್ಲುವ ಹುಡುಗರನ್ನು ಮಾತಾಡಿಸಿ ನೋಡಿ. "ನಮ್ದೇನ್ರಿ, ಎಲ್ಲಾರೂ ಕೂಡಿ ಮಾಡ್ಯಾರ್ರಿ" ಎನ್ನುತ್ತಾರೆ. ಅದೇ ಹುಡುಗ ನಿಮ್ಮ ಪತ್ರಿಕೆಯಲ್ಲಿ "ನಾನು ಇತರರನ್ನು ಮುನ್ನಡೆಸಬಲ್ಲೆ" ಎಂಬುದರ ಮುಂದೆ ನಡುವಿನ ಗುಂಡಿ ಒತ್ತುತ್ತಾನೆ. ನೂರಾರು ಜನರನ್ನು ಸಾಲಿನಲ್ಲಿ ನಿಲ್ಲಿಸಿದವನಿಗೆ ನಾಯಕತ್ವದಲ್ಲಿ ಸಾಧಾರಣ ಅಂಕ ಬರುತ್ತದೆ. ಅವನೂ ಸಮಾಜ ಮೆಚ್ಚುವ ಉತ್ತರವನ್ನೇ ಕೊಟ್ಟಿದ್ದಾನೆ. ಅವನ ಸಮಾಜ ಮೆಚ್ಚುವುದು ವಿನಯವನ್ನು. ಆದ್ದರಿಂದ ಯಾವ ಉತ್ತರ ಎಲ್ಲಿ ಚೆಂದ ಕಾಣುತ್ತದೆ ಎಂಬುದನ್ನು ಆಯಾ ಊರಿನಲ್ಲೇ ಕೇಳಿ ತಿಳಿಯಬೇಕು. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತು ನಿರ್ಧರಿಸುವ ವಿಷಯ ಅದಲ್ಲ.

ಇನ್ನು ದಾರಿಗಳ ಮಾತು. ಮೊದಲು ನಮ್ಮ ರಾಜ್ಯದ್ದೇ ಉದಾಹರಣೆ. 2000ದ ದಶಕದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಎಚ್‌ಐವಿ ತಡೆಯುವ ದೊಡ್ಡ ಕಾರ್ಯಕ್ರಮ ನಡೆಯಿತು. ಜನರ ನಿಜವಾದ ನಡವಳಿಕೆ ಗೊತ್ತಾಗದೆ ಆ ಕಾರ್ಯಕ್ರಮ ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. ಮದುವೆಯಾಚೆಗಿನ ಸಂಬಂಧ, ಕಾಂಡೋಮ್ ಬಳಕೆ ಇಂಥವನ್ನು ಎದುರು ಕೂತು ಕೇಳಿದರೆ ಯಾರು ಬಾಯಿ ಬಿಡುತ್ತಾರೆ? ಆಗ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹಾಗೂ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರು ಮತಗಟ್ಟೆ ಸಮೀಕ್ಷೆ ಎಂಬ ವಿಧಾನವನ್ನು ಬಳಕೆಗೆ ತಂದರು.

ಅದು ನಡೆಯುವುದು ಹೀಗೆ. ಒಂದು ಕೋಣೆಯಲ್ಲಿ ಒಂದು ಸಣ್ಣ ಗುಂಪನ್ನು ಕೂರಿಸುತ್ತಾರೆ. ಪ್ರತಿಯೊಬ್ಬರ ಸುತ್ತ ಮತಗಟ್ಟೆಯಲ್ಲಿ ಇರುವಂಥ ಮರೆ. ಮರೆಯ ಹಿಂದೆ ಬೇರೆ ಬೇರೆ ಬಣ್ಣದ ಡಬ್ಬಿಗಳು: ಹೌದು ಎನ್ನುವುದಕ್ಕೆ ಒಂದು, ಇಲ್ಲ ಎನ್ನುವುದಕ್ಕೆ ಒಂದು, ತನಗೆ ಅನ್ವಯಿಸದು ಎನ್ನುವುದಕ್ಕೆ ಒಂದು. ಪ್ರತಿಯೊಬ್ಬರ ಕೈಯಲ್ಲೂ ಪ್ರಶ್ನೆಯ ಸಂಖ್ಯೆ ಬರೆದ ಚೀಟಿಗಳ ಕಟ್ಟು. ನಡೆಸಿಕೊಡುವವರು ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಕೂತವರು ಆ ಸಂಖ್ಯೆಯ ಚೀಟಿಯನ್ನು ತಮಗೆ ಬೇಕಾದ ಡಬ್ಬಿಗೆ ಹಾಕುತ್ತಾರೆ. ಓದು ಬರಹ ಹೆಚ್ಚು ಬೇಕಿಲ್ಲ, ಹೆಸರು ಎಲ್ಲೂ ಇಲ್ಲ. ಕೊನೆಗೆ ಇಡೀ ಗುಂಪಿನ ಚೀಟಿಗಳನ್ನು ಒಟ್ಟಿಗೆ ಎಣಿಸುತ್ತಾರೆ. ಇಷ್ಟು ಜನ ಹೌದು ಎಂದರು ಎಂದು ತಿಳಿಯುತ್ತದೆ, ಯಾರು ಹೌದು ಎಂದರು ಎಂಬುದು ಯಾರಿಗೂ ತಿಳಿಯುವುದಿಲ್ಲ. ಎದುರುಬದುರು ಕೂತು ಕೇಳಿದಾಗ ಮುಚ್ಚಿಟ್ಟುಕೊಂಡ ನಡವಳಿಕೆಗಳನ್ನು ಮರೆಯ ಹಿಂದೆ ಹೆಚ್ಚು ಜನ ಒಪ್ಪಿಕೊಂಡರು.

ನಮ್ಮ ಜನಕ್ಕೆ ಮತಗಟ್ಟೆಯ ಅರ್ಥ ಗೊತ್ತು. ಗೌಡರ ಮನೆಯಲ್ಲಿ ದುಡಿಯುವವನೂ ಆ ಮರೆಯ ಹಿಂದೆ ತನ್ನ ಮನಸ್ಸಿಗೆ ಬಂದವರಿಗೆ ಮತ ಹಾಕಿಬರುತ್ತಾನೆ. ಹೊರಗೆ ಬಂದ ಮೇಲೆ ಯಾರು ಕೇಳಿದರೂ "ನಿಮಗs ಹಾಕೇನ್ರಿ" ಎನ್ನುತ್ತಾನೆ. ಹೊರಗಿನ ಮಾತಿಗೂ ಒಳಗಿನ ಮತಕ್ಕೂ ಇರುವ ಅಂತರಕ್ಕೆ ಕಾರಣ ಭಯ ಮತ್ತು ದಾಕ್ಷಿಣ್ಯ. ಎರಡನ್ನೂ ಒಂದು ರಟ್ಟಿನ ಮರೆ ತೆಗೆದುಹಾಕುತ್ತದೆ. ಈ ಸಮೀಕ್ಷೆಯವರು ಯಾರಿಗೂ ಪ್ರಾಮಾಣಿಕತೆಯ ಉಪದೇಶ ಮಾಡಲಿಲ್ಲ. ಪ್ರಾಮಾಣಿಕವಾಗಿರುವುದರಿಂದ ನಷ್ಟವಾಗದ ವ್ಯವಸ್ಥೆ ಮಾಡಿದರು. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನಲ್ಲಿದೆ.

ಇದಕ್ಕೂ ಮೊದಲು, 1965ರಲ್ಲಿ, ಸ್ಟ್ಯಾನ್ಲಿ ವಾರ್ನರ್ ಎಂಬ ಸಂಶೋಧಕ ಇದೇ ಕೆಲಸವನ್ನು ಗಣಿತದಿಂದ ಮಾಡಿ ತೋರಿಸಿದ್ದರು. ಅದೇ ತಳಹದಿಯ ಮೇಲೆ ಮುಂದೆ ಬಂದ ಒಂದು ಸರಳ ರೂಪವನ್ನು ವಿವರಿಸುತ್ತೇನೆ. 200 ವಿದ್ಯಾರ್ಥಿಗಳಿಗೆ "ಪರೀಕ್ಷೆಯಲ್ಲಿ ನಕಲು ಮಾಡಿದ್ದೀರಾ?" ಎಂದು ಕೇಳಬೇಕು ಎಂದುಕೊಳ್ಳಿ. ಪ್ರತಿಯೊಬ್ಬರೂ ಯಾರಿಗೂ ತೋರಿಸದೆ ಒಂದು ನಾಣ್ಯ ಚಿಮ್ಮುತ್ತಾರೆ. ತಲೆ ಬಿದ್ದರೆ ನಕಲು ಮಾಡಿರಲಿ ಬಿಡಲಿ ಹೌದು ಎನ್ನಬೇಕು. ಬಾಲ ಬಿದ್ದರೆ ಖರೆ ಹೇಳಬೇಕು. ಹೌದು ಎಂದವರು ಒಟ್ಟು 140 ಜನ ಬಂದರು ಎನ್ನೋಣ. ತಲೆ ಬಿದ್ದು ಹೌದು ಎಂದವರು ಸುಮಾರು 100. ಉಳಿದ 40 ಹೌದುಗಳು ಬಾಲ ಬಿದ್ದ 100 ಜನರಿಂದ ಬಂದವು. ಅಂದರೆ ನಕಲು ಮಾಡಿದವರು ಶೇ 40ರ ಹತ್ತಿರ. ತರಗತಿಯ ಖರೆ ಸಿಕ್ಕಿತು, ಹೌದು ಎಂದ ಯಾವ ಹುಡುಗನ ಮೇಲೂ ಬೊಟ್ಟು ಮಾಡುವಂತಿಲ್ಲ. ಕೇಳಿದರೆ ನಾಣ್ಯ ಹೇಳಿಸಿತು ಎನ್ನುತ್ತಾನೆ. ಲೆಕ್ಕ ನಂಬಿಕೆಗೆ ಯೋಗ್ಯವಾಗಬೇಕಾದರೆ ಹೆಚ್ಚು ಜನ ಬೇಕು ಎಂಬುದೊಂದೇ ಇದಕ್ಕೆ ತೆರಬೇಕಾದ ಬೆಲೆ. ಈ ವಿದ್ಯೆಯಲ್ಲಿ ಭಾರತೀಯರು ಹಿಂದೆ ಬಿದ್ದವರಲ್ಲ. ಅರಿಜಿತ್ ಚೌಧುರಿ ಮತ್ತು ರಾಹುಲ್ ಮುಖರ್ಜಿ 1988ರಲ್ಲಿ ಇದರ ಮೇಲೆಯೇ ಒಂದು ಗ್ರಂಥ ಹೊರತಂದರು.

ಪ್ರಶ್ನೆಯ ಮಾತನ್ನು ಬದಲಿಸುವುದರಿಂದಲೂ ಬಹಳ ಆಗುತ್ತದೆ. ಶೌಚಾಲಯದ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. ನಿಮ್ಮ ಮನೆಯವರು ಶೌಚಾಲಯ ಬಳಸುತ್ತಾರೆಯೇ ಎಂದು ಕೇಳಿದರೆ ಹೌದು ಎಂಬ ಒಂದೇ ಮಾತಿನಲ್ಲಿ ಮನೆಯ ಮಾನ ಉಳಿಯುತ್ತದೆ. ಕೆಲವರು ಬಯಲಿಗೆ ಹೋಗುತ್ತಾರೆ, ಕೆಲವರು ಶೌಚಾಲಯಕ್ಕೆ ಹೋಗುತ್ತಾರೆ, ನಿಮ್ಮ ಮನೆಯಲ್ಲಿ ಅಜ್ಜ ಎಲ್ಲಿಗೆ ಹೋಗುತ್ತಾರೆ, ಮಗ ಎಲ್ಲಿಗೆ ಹೋಗುತ್ತಾನೆ ಎಂದು ಒಬ್ಬೊಬ್ಬರದೇ ಕೇಳಿದಾಗ ಉತ್ತರ ಬೇರೆಯೇ ಬರುತ್ತದೆ. ಉತ್ತರ ಭಾರತದ ಹಳ್ಳಿಗಳಲ್ಲಿ ಹೀಗೆ ಒಬ್ಬೊಬ್ಬರ ಬಗ್ಗೆ ಕೇಳಿದವರಿಗೆ ಬಯಲಿಗೆ ಹೋಗುವವರು ಹೆಚ್ಚು ಸಿಕ್ಕಿದರು. ಎರಡೂ ನಡೆಯುವಂಥದ್ದೇ ಎಂದು ಪ್ರಶ್ನೆಯೇ ಒಪ್ಪಿಕೊಂಡಾಗ ಉತ್ತರಿಸುವವರ ಎದೆಭಾರ ಇಳಿಯುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನ ಹೊಡೆತ ಬಡಿತದ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಮಾತ್ರ, ಬೇರೆ ಯಾರೂ ಇಲ್ಲದಾಗ ಮಾತ್ರ ಕೇಳಬೇಕೆಂಬ ನಿಯಮವಿದೆ. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಕೈಬಿಡುತ್ತಾರೆ. ಅತ್ತೆ ಬಾಗಿಲಲ್ಲಿ ಕೂತಿರುವಾಗ ಸಿಕ್ಕ ಉತ್ತರಕ್ಕಿಂತ ಉತ್ತರ ಇಲ್ಲದಿರುವುದೇ ಮೇಲು ಎಂದು ಆ ಸಮೀಕ್ಷೆಯವರು ಒಪ್ಪಿಕೊಂಡಿದ್ದಾರೆ. ನಿಮಗೂ ಆ ಧೈರ್ಯ ಬರಲಿ.

ನಮಗೆ ಗುಂಪಿನ ಲೆಕ್ಕ ಸಾಲದು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಆರಿಸಬೇಕು, ಮತಗಟ್ಟೆಯಿಂದ ನಮಗೇನು ಲಾಭ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೂ ದಾರಿಗಳಿವೆ. ಎಡ್ವರ್ಡ್ಸ್ ಅವರೇ 1950ರ ದಶಕದಲ್ಲಿ 225 ಜೋಡಿ ಹೇಳಿಕೆಗಳ ಪ್ರಶ್ನಾವಳಿ ಮಾಡಿದರು. ಜೋಡಿಯ ಎರಡೂ ಹೇಳಿಕೆಗಳು ಕೇಳುವುದಕ್ಕೆ ಸಮನಾಗಿ ಚೆಂದವೋ ಸಮನಾಗಿ ಕಷ್ಟವೋ ಇರಬೇಕು, ಒಂದನ್ನು ಆರಿಸಲೇಬೇಕು. "ಒಪ್ಪಿಕೊಂಡ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆ", "ಜೊತೆಯವರ ಕಷ್ಟಕ್ಕೆ ನನ್ನ ಕೆಲಸ ಬಿಟ್ಟಾದರೂ ಹೋಗುತ್ತೇನೆ". ಎರಡೂ ಒಳ್ಳೆಯವೇ ಆದಾಗ ಯಾವುದು ನಿಮಗೆ ಇಷ್ಟ ಎಂದು ಊಹಿಸುವುದು ಕಷ್ಟ, ತನ್ನ ಸ್ವಭಾವದಂತೆ ಆರಿಸುವುದೇ ಸುಲಭ. ಆದರೆ ಇದರಿಂದ ಒಬ್ಬನೊಳಗೆ ಯಾವ ಗುಣ ಹೆಚ್ಚು, ಯಾವುದು ಕಡಿಮೆ ಎಂದು ತಿಳಿಯುತ್ತದೆಯೇ ಹೊರತು ಇಬ್ಬರನ್ನು ಪಕ್ಕಪಕ್ಕ ಇಟ್ಟು ತೂಗುವುದು ಕಷ್ಟ. ಅದಕ್ಕೆ ಬೇರೆಯೇ ಗಣಿತ ಬೇಕು. ಆ ಗಣಿತವೂ ಈಗ ಇದೆ. ಜೋಡಿಗಳನ್ನು ಹೊಂದಿಸುವಾಗ ಮಾತ್ರ ಯಾವುದು ಎಷ್ಟು ಚೆಂದ ಎಂದು ಇಲ್ಲಿನ ಜನರನ್ನೇ ಕೇಳಿ.

ಇದಕ್ಕಿಂತ ಗಟ್ಟಿಯಾದ ದಾರಿಯೊಂದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಈ ದೇಶದ ಸಹಕಾರ ಚಳವಳಿಯ ಮೊದಮೊದಲ ಮೆಟ್ಟಿಲುಗಳಲ್ಲಿ ಒಂದು. 1904ರ ಕಾಯ್ದೆಯಡಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ ಇರುತ್ತಿತ್ತು. ಒಬ್ಬ ಸದಸ್ಯ ಸಾಲ ಮುಳುಗಿಸಿದರೆ ಉಳಿದವರೆಲ್ಲರ ಆಸ್ತಿಗೂ ಅದರ ಬಿಸಿ ತಟ್ಟುತ್ತಿತ್ತು. ಸದಸ್ಯರು ಒಂದೇ ಊರಿನವರೋ ಸುತ್ತಲ ಊರಿನವರೋ ಆಗಿರಬೇಕಿತ್ತು. ಹೀಗಿದ್ದಾಗ ಸಾಲ ಕೇಳಿ ಬಂದವನಿಗೆ ನೀನು ಪ್ರಾಮಾಣಿಕನೋ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅವನು ಹಿಂದಿನ ಸಾಲ ಹೇಗೆ ತೀರಿಸಿದ, ಬಿತ್ತನೆ ಹೊತ್ತಿಗೆ ಹೊಲದಲ್ಲಿರುತ್ತಾನೋ ಗದುಗಿನ ಪೇಟೆಯಲ್ಲಿರುತ್ತಾನೋ, ಕೊಟ್ಟ ಮಾತಿಗೆ ನಿಲ್ಲುತ್ತಾನೋ ಎಂಬುದೆಲ್ಲ ಪಕ್ಕದ ಹೊಲದವನಿಗೆ ಗೊತ್ತಿತ್ತು. ಹೇಳುವವನ ಆಸ್ತಿಯೂ ಒತ್ತೆ ಇದ್ದುದರಿಂದ ಅವನ ಮಾತಿಗೆ ತೂಕವಿತ್ತು.

ಆ ಪದ್ಧತಿಯನ್ನು ಇದ್ದ ಹಾಗೆಯೇ ತಂದು ನೆಡಿ ಎನ್ನುತ್ತಿಲ್ಲ. ನೆರೆಯವರ ಮಾತಿನಲ್ಲಿ ಜಾತಿ, ಹಗೆ, ನಂಟಸ್ತಿಕೆ ನುಸುಳುತ್ತವೆ, ಆಸ್ತಿ ಇಲ್ಲದವನಿಗೆ ಸಾಕ್ಷಿ ಹೇಳುವವರೇ ಇರುವುದಿಲ್ಲ. ಆದರೆ ಅದರ ಸಾರ ಇಂದಿಗೂ ಬೇಕು: ಮನುಷ್ಯನ ಗುಣವನ್ನು ಅವನ ಬಾಯಿಂದ ಕೇಳುವ ಬದಲು ಅವನ ಕೆಲಸದಲ್ಲಿ ನೋಡುವುದು. "ನೀನು ತಾಳ್ಮೆಯುಳ್ಳವನೇ?" ಎಂದು ಕೇಳಬೇಡಿ. ಸಿಟ್ಟಾದ ಗಿರಾಕಿಯ ಜೊತೆ ಮಾತಾಡುವ ಸಂದರ್ಭ ಸೃಷ್ಟಿಸಿ ನೋಡಿ. ಅರ್ಧ ದಿನ ನಿಜವಾದ ಕೆಲಸ ಕೊಟ್ಟು ನೋಡಿ. ಮಾಡಿದ್ದನ್ನು ಕೇಳಿ: ಎಂದು, ಎಲ್ಲಿ, ಯಾರ ಜೊತೆ, ಕೊನೆಗೆ ಏನಾಯಿತು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯಿಂದ ಅಂಕ ಕೊಡಿ. ಆಗ ದಾಸೋಹದಲ್ಲಿ ಸಾಲು ನಿಲ್ಲಿಸಿದ ಹುಡುಗ ನಾನು ನಾಯಕ ಎಂದು ಹೇಳಿಕೊಳ್ಳಬೇಕಾಗಿಲ್ಲ. ಅಲ್ಲಿ ಏನೇನು ಮಾಡಿದೆ ಎಂದು ಹೇಳಿದರೆ ಸಾಕು, ನಾಯಕತ್ವ ನಿಮಗೇ ಕಾಣುತ್ತದೆ.

ಒಂದು ದಾರಿಯನ್ನು ಮಾತ್ರ ಹಿಡಿಯಬೇಡಿ. ಅದು ಮೋಸದ ದಾರಿ. 1971ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ಹೆರಾಲ್ಡ್ ಸಿಗಾಲ್ ಎಂಬ ಸಂಶೋಧಕರು ಒಂದು ವಿಧಾನವನ್ನು ವಿವರಿಸಿದರು. ಮನಸ್ಸಿನಲ್ಲಿರುವುದನ್ನು ಓದುತ್ತದೆ ಎಂದು ನಂಬಿಸಿ, ಅಂಥ ಶಕ್ತಿಯೇನೂ ಇಲ್ಲದ ಯಂತ್ರವೊಂದಕ್ಕೆ ಜನರನ್ನು ಜೋಡಿಸುವುದು. ಯಂತ್ರಕ್ಕೆ ಹೇಗೂ ಗೊತ್ತಾಗುತ್ತದೆ ಎಂದುಕೊಂಡ ಜನ ಹೆಚ್ಚು ಖರೆ ಹೇಳಿದರು. ಖರೆ ಸಿಕ್ಕಿತು ನಿಜ, ಸಿಕ್ಕಿದ್ದು ಸುಳ್ಳಿನಿಂದ. ನಿಮ್ಮ ಸುಳ್ಳುಗಳನ್ನು ನಮ್ಮ ಕಂಪ್ಯೂಟರು ಹಿಡಿಯುತ್ತದೆ ಎಂದು ಇಲ್ಲದ ಶಕ್ತಿಯನ್ನು ಹೇಳಿ ಹಳ್ಳಿಯ ಮಕ್ಕಳನ್ನು ಹೆದರಿಸುವ ಎಚ್ಚರಿಕೆಗಳೂ ಇದೇ ಜಾತಿಯವು. ಮೊದಲ ಬಾರಿ ಕಂಪ್ಯೂಟರಿನ ಮುಂದೆ ಪರೀಕ್ಷೆಗೆ ಕೂತ ಮಗು ಅದನ್ನು ಓದಿ ನಡುಗುತ್ತದೆ, ಪಳಗಿದವನು ಓದದೆ ಮುಂದೆ ಹೋಗುತ್ತಾನೆ. ಪ್ರಾಮಾಣಿಕತೆ ಕೇಳುವವರು ತಾವು ಪ್ರಾಮಾಣಿಕರಾಗಿರಬೇಕು.

ಆದ್ದರಿಂದ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯಂಥ ಊರುಗಳಿಂದ ಬರುವ ಮಕ್ಕಳ ಪರವಾಗಿ ಇಷ್ಟನ್ನು ಕೇಳುತ್ತೇನೆ. ಸಂಶೋಧನೆಗೆ ಅಥವಾ ನೀತಿಗೆ ಮಾಹಿತಿ ಬೇಕಾದರೆ ಹೆಸರು ಕೇಳಬೇಡಿ, ಮರೆ ಕೊಡಿ, ಉತ್ತರದ ಜಾಡು ಹಿಡಿದು ಯಾರೂ ಬರಲಾಗದಂತೆ ಮಾಡಿ. ಆಯ್ಕೆಗೆ ಬಳಸುವುದಾದರೆ ಸರಿ ತಪ್ಪಿಲ್ಲ ಎಂಬ ಸಾಲನ್ನು ತೆಗೆದು, ಈ ಉತ್ತರಗಳನ್ನು ಯಾತಕ್ಕೆ, ಎಷ್ಟು ಮಟ್ಟಿಗೆ ಬಳಸುತ್ತೇವೆ ಎಂಬುದನ್ನು ನೇರವಾಗಿ ಬರೆಯಿರಿ. ವ್ಯಕ್ತಿತ್ವದ ಅಂಕವೊಂದನ್ನೇ ನೋಡಿ ಯಾರನ್ನೂ ಹೊರಗೆ ಕಳಿಸಬೇಡಿ. ಸುಳ್ಳಿನ ಮಾಪಕದ ಅಂಕದಿಂದ ಯಾರ ಮೇಲೂ ಸುಳ್ಳುಗಾರ ಎಂಬ ಹಣೆಪಟ್ಟಿ ಹಚ್ಚಬೇಡಿ. ನಿಮ್ಮ ಹೇಳಿಕೆಗಳು ನಮ್ಮಲ್ಲಿ ಹೇಗೆ ಕೇಳಿಸುತ್ತವೆ ಎಂಬುದನ್ನು ನಮ್ಮಲ್ಲಿಗೆ ಬಂದು, ನಮ್ಮ ಮಕ್ಕಳ ಜೊತೆ ಕೂತು ಪರೀಕ್ಷಿಸಿ. ಗುಣ ಬೇಕಾದಲ್ಲಿ ಕೆಲಸವನ್ನು ನೋಡಿ.

ಖರೆ ಬರೆಯಲೇ ಎಂದು ಕೇಳುವ ಮಕ್ಕಳಿಗೆ ಬರಿ ಎಂದು ಹೇಳುವುದು ನನ್ನ ಕರ್ತವ್ಯ. ಅದನ್ನು ಹೇಳುತ್ತಲೇ ಇರುತ್ತೇನೆ. ನನ್ನ ಮಾತು ಕೇಳಿದ್ದಕ್ಕೆ ಅವರು ಕೆಲಸ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ. ಅದನ್ನು ನೀವು ಮಾಡಿ.

ಇಂತಿ,
ಶಿರಹಟ್ಟಿಯ ಒಬ್ಬ ಮಾಸ್ತರ